ನಿವೃತ್ತ ಹಡಗಿಗೂ ಪಿಂಚಣಿ ಬೇಡವೇ?

ಕಾರವಾರದ ಮರಳಿನ ಮೇಲೆ ನಿಂತ ‘ಚಪಲ್’ ನಮ್ಮ ಮೂರು ತಾಲ್ಲೂಕಿಗೆ ಹೇಳುವ ಪಾಠ

“ನಮ್ಮ ಕಡೆ ಕಡಲೇ ಇಲ್ಲ, ಹಡಗಿನ ಚಿಂತಿ ನಮಗ್ಯಾಕ್ರೀ?” ಎಂದು ಯಾರಾದರೂ ಕೇಳಿದರೆ ಅದು ತಪ್ಪಲ್ಲ. ಸಿಂಧನೂರಿನವರಿಗೆ ನೀರು ಅಂದರೆ ತುಂಗಭದ್ರಾ ಎಡದಂಡೆ ಕಾಲುವೆ. ಲಿಂಗಸುಗೂರಿನವರಿಗೆ ಕೃಷ್ಣೆ. ಮಸ್ಕಿಯವರಿಗೆ ಹಳ್ಳ ಮತ್ತು ನಾಲಾ. ದೋಣಿ ಅಂದರೆ ಹರಿಗೋಲು, ಅದೂ ನದಿ ದಂಡೆಯ ಊರವರಿಗೆ ಮಾತ್ರ ಗೊತ್ತು.

ಆದರೂ ಚಳಿಗಾಲ ಬಂತೆಂದರೆ ಶಾಲೆ-ಕಾಲೇಜುಗಳ ಪ್ರವಾಸದ ಬಸ್ಸುಗಳು ನಮ್ಮ ಊರುಗಳಿಂದ ಕರಾವಳಿಗೆ ಹೊರಡುತ್ತವೆ. ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಘಟ್ಟ ಇಳಿದರೆ ಅಂಕೋಲಾ, ಅಲ್ಲಿಂದ ಕಾರವಾರ. ಸಿಂಧನೂರಿನಿಂದ 300 ಕಿಲೋಮೀಟರಿಗೂ ಮಿಕ್ಕಿದ ದಾರಿ. ಅಲ್ಲಿ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ನೀರಿನಲ್ಲಲ್ಲ, ಮರಳಿನ ಮೇಲೆ ಒಂದು ಯುದ್ಧನೌಕೆ ನಿಂತಿದೆ. ಹುಡುಗರು ಏಣಿ ಹತ್ತುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಇಳಿಯುತ್ತಾರೆ. “ಇದೇ ನೋಡ್ರಿ, 1971ರಾಗ ಕರಾಚಿ ಸುಟ್ಟ ಹಡಗ!” ಎಂಬ ಮಾತು ಬಸ್ಸಿನಲ್ಲಿ ವಾಪಸ್ ಬರುತ್ತದೆ. ಪ್ರವಾಸಿಗರಿಗಾಗಿ ಬರೆದ ಬರಹಗಳಲ್ಲೂ ಅದೇ ಮಾತು ಅಚ್ಚಾಗಿದ್ದುಂಟು.

ಮಾತು ಚಂದ. ಆದರೆ ನಿಜವಲ್ಲ.

ಹುಟ್ಟಿದ್ದೇ ಯುದ್ಧ ಮುಗಿದ ಮೇಲೆ

ಐಎನ್ಎಸ್ ಚಪಲ್ ಭಾರತದ ನೌಕಾಪಡೆಗೆ ಸೇರಿದ್ದು 1976ರ ನವೆಂಬರ್ 4ರಂದು. ಬಾಂಗ್ಲಾ ಯುದ್ಧ ಮುಗಿದದ್ದು 1971ರ ಡಿಸೆಂಬರ್ 16ರಂದು. ನಡುವೆ ಐದು ವರ್ಷದ ಅಂತರ. ಹುಟ್ಟದ ಕೂಸು ಕುಸ್ತಿ ಗೆದ್ದಿತು ಅಂದ ಹಾಗಾಯಿತು ಲೆಕ್ಕ!

ಹಾಗಾದರೆ ಈ ಹೆಸರು ಈ ಹಡಗಿಗೆ ಅಂಟಿಕೊಂಡದ್ದು ಹೇಗೆ? ಅದಕ್ಕೂ ಕಾರಣವಿದೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಹೊರಗೆ ನುಗ್ಗಿದ್ದು ಮೂರು ಕ್ಷಿಪಣಿ ದೋಣಿಗಳು: ನಿಪಾತ್, ನಿರ್ಘಾತ್ ಮತ್ತು ವೀರ್. ಮುಂದಾಳು ಕಮಾಂಡರ್ ಬಬ್ರು ಭಾನ್ ಯಾದವ್. ಈ ದೋಣಿಗಳು ಚಿಕ್ಕವು, ದೂರ ಓಡುವ ತಾಕತ್ತು ಕಡಿಮೆ. ದಡ ಕಾಯಲಿಕ್ಕೆಂದು ರಷ್ಯಾದಲ್ಲಿ ಕಟ್ಟಿದ್ದವು. ಅವನ್ನು ದೊಡ್ಡ ಹಡಗುಗಳ ಜೊತೆಯಲ್ಲಿ ಹೊರಡಿಸಿ, ಹಗ್ಗ ಕಟ್ಟಿ ಎಳೆದೊಯ್ದು, ವೈರಿಯ ಬಾಗಿಲಲ್ಲಿ ಬಿಟ್ಟದ್ದೇ ನಮ್ಮವರ ಉಪಾಯ. ಪಾಕಿಸ್ತಾನದ ಖೈಬರ್ ಮುಳುಗಿತು, ಮುಹಾಫಿಜ್ ಮುಳುಗಿತು. ನಾಲ್ಕು ದಿನ ಬಿಟ್ಟು ಡಿಸೆಂಬರ್ 8ರಂದು ವಿನಾಶ್ ಎಂಬ ಇನ್ನೊಂದು ದೋಣಿ ಹೋಗಿ ಕರಾಚಿಯ ಕೇಮಾರಿಯ ತೈಲದ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಡಿಸೆಂಬರ್ 4 ನೌಕಾಪಡೆಯ ದಿನವಾದದ್ದು ಆ ರಾತ್ರಿಯಿಂದಲೇ. ಆ ದಳಕ್ಕೆ ‘ಕಿಲ್ಲರ್’ ದಳ ಎಂಬ ಹೆಸರು ಬಿದ್ದದ್ದೂ ಆಗಲೇ.

ಆ ದೋಣಿಗಳ ಕೆಲಸ ಕಂಡ ಮೇಲೆ ಅದೇ ಜಾತಿಯ, ಇನ್ನಷ್ಟು ಸುಧಾರಿಸಿದ ದೋಣಿಗಳನ್ನು ಭಾರತ ಮತ್ತೆ ತರಿಸಿತು. ಚಮಕ್, ಚಪಲ್, ಚಟಕ್, ಪ್ರಬಲ್, ಪ್ರಳಯ್ ಇತ್ಯಾದಿ. ಅವೂ ಆ ದಳದ ಹೆಸರಿಗೇ ಬಂದವು. ಚಪಲ್ ಎಂದರೆ ಕರಾಚಿ ಸುಟ್ಟ ದೋಣಿಯಲ್ಲ, ಕರಾಚಿ ಸುಟ್ಟ ದೋಣಿಗಳ ತಮ್ಮ. ತಮ್ಮನಿಗೆ ಅಣ್ಣನ ಪದಕ ಹಾಕಿದರೆ ತಮ್ಮನಿಗೂ ಮರ್ಯಾದೆ ಇಲ್ಲ, ಅಣ್ಣನಿಗೂ ಇಲ್ಲ.

ಹೆಸರಿನ ಮಾತೂ ಬಂತು. ನಮ್ಮ ಕಡೆ ಚಪಲ ಅಂದರೆ ನಾಲಗೆಯ ಚಪಲ, ಮಿರ್ಚಿ ಭಜಿ ಕಂಡಾಗ ಬರುವುದು! ಸಂಸ್ಕೃತದಲ್ಲಿ ಚಪಲ ಎಂದರೆ ಚುರುಕು, ಚಪಲಾ ಎಂದರೆ ಮಿಂಚು. ಹೆಸರಿಗೆ ತಕ್ಕ ಹಡಗೇ ಅದು. ಉದ್ದ ಸುಮಾರು 38 ಮೀಟರ್, ಅಗಲ ಏಳೂವರೆ ಮೀಟರ್, ಪೂರ್ಣ ಭಾರ ಸುಮಾರು 245 ಟನ್. ಮೂರು ಡೀಸೆಲ್ ಎಂಜಿನ್. ಗಂಟೆಗೆ 35 ನಾಟ್, ಅಂದರೆ 65 ಕಿಲೋಮೀಟರ್ ವೇಗ. ನಮ್ಮ ರಸ್ತೆಯಲ್ಲಿ ಬಸ್ಸು ಓಡುವ ವೇಗ ಅದು, ನೀರಿನ ಮೇಲೆ! ಬೆನ್ನ ಮೇಲೆ ನಾಲ್ಕು ಕ್ಷಿಪಣಿ, ಮುಂದೆ-ಹಿಂದೆ ಜೋಡಿ ನಳಿಗೆಯ 30 ಮಿಲಿಮೀಟರ್ ತೋಪು. ಇಷ್ಟನ್ನು ನಡೆಸಲು ಬೇಕಾದದ್ದು 30 ಜನದ ಆಸುಪಾಸು.

ಸಿಂಧನೂರಿಗೆ ದೂರದ ಕಥೆಯಲ್ಲ

1971 ಎಂದರೆ ದೂರದ ಮಾತು ಎಂದುಕೊಳ್ಳುವವರು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಿಗೆ ಹೋಗಿ ಬರಬೇಕು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಮಾಡಿಕೊಟ್ಟ ಊರುಗಳವು. ಪದ್ಮಾ, ಮೇಘನಾ ನದಿಗಳ ಸೀಮೆಯಿಂದ ತುಂಗಭದ್ರಾ ಕಾಲುವೆಯ ಸೀಮೆಗೆ ಬಂದವರ ಮಕ್ಕಳು ಮೊಮ್ಮಕ್ಕಳು ಈಗ ಕನ್ನಡ ಶಾಲೆಯಲ್ಲಿ ಓದುತ್ತಾರೆ, ಸಿಂಧನೂರು ಸಂತೆಯಲ್ಲಿ ಮೀನು ಮಾರುತ್ತಾರೆ. ಅವರ ಹಿರಿಯರು ಬಿಟ್ಟುಬಂದ ನಾಡು ಬಾಂಗ್ಲಾದೇಶವಾದದ್ದು ಆ ಡಿಸೆಂಬರಿನಲ್ಲೇ. ಪಶ್ಚಿಮದಲ್ಲಿ ಕರಾಚಿಯನ್ನು ಕಟ್ಟಿಹಾಕಿದ್ದು ಕ್ಷಿಪಣಿ ದೋಣಿಗಳಾದರೆ, ಪೂರ್ವದಲ್ಲಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಬಂದರುಗಳ ಮೇಲೆ ವಿಮಾನ ಹಾರಿಸಿದ್ದು ಐಎನ್ಎಸ್ ವಿಕ್ರಾಂತ್.

ಇನ್ನೂ ಒಂದು ಕೊಂಡಿ ಇದೆ. ಚಪಲ್ ನಿಂತಿರುವ ತೀರದ ಹೆಸರೂ ಬಂಗಾಳದ್ದೇ. 1880ರ ದಶಕದ ಆರಂಭದಲ್ಲಿ ರವೀಂದ್ರನಾಥರು ಕಾರವಾರಕ್ಕೆ ಬಂದಿದ್ದರು, ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಆ ಕಡಲನ್ನು ನೋಡಿಯೇ ಕವಿ ಒಂದು ನಾಟಕ ಬರೆದರು. ಬಂಗಾಳಿ ಕವಿಯ ಹೆಸರಿನ ತೀರದಲ್ಲಿ, ಬಂಗಾಳಿಗಳ ನಾಡನ್ನು ಹುಟ್ಟಿಸಿದ ಯುದ್ಧದ ನೆನಪಿನ ಹಡಗು! ಕ್ಯಾಂಪಿನ ಹುಡುಗ ಕಾರವಾರಕ್ಕೆ ಹೋದರೆ ಅದು ಅವನ ಮನೆಯ ಕಥೆಯೂ ಹೌದು. ಇದನ್ನು ಅವನಿಗೆ ಹೇಳುವವರು ಬೇಕಷ್ಟೇ.

ಉಳಿದದ್ದು ಕಡಿಮೆ, ಗುಜರಿಗೆ ಹೋದದ್ದೇ ಹೆಚ್ಚು

ಚಪಲ್ ಸೇವೆಯಿಂದ ನಿವೃತ್ತಿಯಾದದ್ದು 2005ರ ಮೇ 5ರಂದು. ಅದೇ ತಿಂಗಳ ಕೊನೆಗೆ, ಮೇ 31ರಂದು, ಕಾರವಾರದ ಪಕ್ಕದಲ್ಲಿ ಸೀಬರ್ಡ್ ಯೋಜನೆಯ ನೌಕಾನೆಲೆ ‘ಕದಂಬ’ ಉದ್ಘಾಟನೆಯಾಯಿತು. ಆ ಯೋಜನೆಗೆ 1986ರಲ್ಲಿ ಅಡಿಗಲ್ಲು ಬಿದ್ದಿತ್ತು. ನೆಲೆಗಾಗಿ ಸಾವಿರಾರು ಮನೆಯವರು ಊರು ಬಿಟ್ಟರು. ಹೊಸ ನೆಲೆ ಬಂದ ಊರಿಗೆ ಹಳೆ ಹಡಗೊಂದು ಬಂತು. 2006ರಲ್ಲಿ ಚಪಲ್ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಒಳಗೆ ನಾವಿಕರ ಗೊಂಬೆಗಳು, ಕ್ಯಾಪ್ಟನ್ ಕೋಣೆ, ಮಲಗುವ ಹಲಗೆಗಳು, ಎಂಜಿನ್, ಮೇಲೆ ಕ್ಷಿಪಣಿಯ ಮಾದರಿ. ಮುಂದೆ ಪಕ್ಕದಲ್ಲೇ ನೌಕಾಪಡೆಯ ಟುಪೊಲೆವ್ ವಿಮಾನವೂ ಬಂದು ನಿಂತಿತು. ಅದು 2017ರಲ್ಲಿ ನಿವೃತ್ತಿಯಾದದ್ದು, ಅರಕ್ಕೋಣಂನಿಂದ ಬಿಚ್ಚಿ ತಂದು ಜೋಡಿಸಿದ್ದು.

ಚಪಲ್‌ನದು ಪುಣ್ಯದ ಹಣೆಬರಹ ಎನ್ನಬೇಕು. ಮಿಕ್ಕವರ ಕಥೆ ಕೇಳಿ. 1971ರ ಹೀರೋ ವಿಕ್ರಾಂತ್ 1997ರ ಜನವರಿ 31ರಂದು ನಿವೃತ್ತಿಯಾಯಿತು. ಮುಂಬಯಿಯಲ್ಲಿ ಕೆಲ ವರ್ಷ ವಸ್ತುಸಂಗ್ರಹಾಲಯವಾಗಿತ್ತು. 2012ರಲ್ಲಿ ಜನ ಹತ್ತುವುದು ಸುರಕ್ಷಿತವಲ್ಲ ಎಂದು ಬಾಗಿಲು ಮುಚ್ಚಿತು. ಹರಾಜಾಯಿತು, ಸುಮಾರು 60 ಕೋಟಿ ರೂಪಾಯಿಗೆ. ಕೋರ್ಟು-ಕಚೇರಿ ಹತ್ತಿದವರೂ ಇದ್ದರು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2014ರ ನವೆಂಬರಿನಲ್ಲಿ ಒಡೆಯಲು ಶುರು ಮಾಡಿದರು. ಆ ಉಕ್ಕಿನ ಒಂದು ಪಾಲು ಕರಗಿ ಬಜಾಜ್ ಕಂಪನಿಯ ‘ವಿ’ ಮೋಟಾರ್ ಸೈಕಲ್ ಆಯಿತು, 2016ರಲ್ಲಿ. ಮಸ್ಕಿ ಬಸ್ ನಿಲ್ದಾಣದ ಎದುರಿಗೋ, ಲಿಂಗಸುಗೂರು ಎಪಿಎಂಸಿ ಗೇಟಿನ ಮುಂದೋ ನಿಂತ ‘ವಿ’ ಗಾಡಿಯ ಟ್ಯಾಂಕಿನಲ್ಲಿ ಚಿತ್ತಗಾಂಗ್ ಯುದ್ಧದ ಚೂರೊಂದು ಇದ್ದೀತು! ಸಂತೋಷಪಡಬೇಕೋ ದುಃಖಪಡಬೇಕೋ ಗಾಡಿ ಓಡಿಸುವವರೇ ಹೇಳಬೇಕು.

ವಿಕ್ರಾಂತ್ ನಂತರ ವಿರಾಟ್. 2017ರ ಮಾರ್ಚ್ 6ರಂದು ನಿವೃತ್ತಿ. ಉಳಿಸುವ ಮಾತು ಬಹಳ ಆಯಿತು, ಕೊನೆಗೆ 2020ರಲ್ಲಿ ಗುಜರಾತಿನ ಅಲಂಗ್ ಗುಜರಿ ಅಂಗಳಕ್ಕೆ ಎಳೆದೊಯ್ದರು. ಇದಕ್ಕೆ ಎದುರು ಉದಾಹರಣೆ ವಿಶಾಖಪಟ್ಟಣದ ‘ಕುರ್ಸುರಾ’ ಜಲಾಂತರ್ಗಾಮಿ. 2001ರಲ್ಲಿ ನಿವೃತ್ತಿ, 2002ರಲ್ಲಿ ಕಡಲಿಂದ ಮೇಲಕ್ಕೆಳೆದು ಮರಳ ಮೇಲೆ ಕೂಡಿಸಿ ಜನರಿಗೆ ಬಿಟ್ಟರು. ಅದು 1971ರ ಯುದ್ಧದಲ್ಲಿ ನಿಜವಾಗಿಯೂ ಕೆಲಸ ಮಾಡಿದ್ದು.

ನಿಂತೇ ದುಡಿದ ಹಡಗುಗಳು

ಯುದ್ಧದ ಹಡಗಿಗಾದರೂ ಶೌರ್ಯದ ಕಥೆ ಇರುತ್ತದೆ, ಜನ ಬರುತ್ತಾರೆ. ಗುಂಡು ಹಾರಿಸದ, ಎಲ್ಲಿಗೂ ಹೋಗದ ಹಡಗಿನ ಗತಿ ಏನು? ಅಂಥ ಹಡಗುಗಳೂ ಇದ್ದವು. ದೀಪದ ಹಡಗು, ಅಂದರೆ ದೀಪನೌಕೆ. ಬಂಡೆ ಇದ್ದಲ್ಲಿ ದೀಪಸ್ತಂಭ ಕಟ್ಟಬಹುದು. ನಮ್ಮ ಕರಾವಳಿಯಲ್ಲಿ ಹಾಗೇ ಮಾಡಿದ್ದಾರೆ. ಕಾರವಾರದ ಎದುರಿನ ದೇವಗಡ ನಡುಗಡ್ಡೆಯಲ್ಲಿ 1864ರ ದೀಪಸ್ತಂಭ, ಉಡುಪಿ ಹತ್ತಿರದ ಕಾಪುವಿನಲ್ಲಿ 1901ರದ್ದು. ಆದರೆ ನೀರಿನಡಿ ಬರೀ ಮರಳ ದಿಬ್ಬ ಇದ್ದರೆ ಸ್ತಂಭ ನಿಲ್ಲುವುದೆಲ್ಲಿ? ಅಲ್ಲಿ ಒಂದು ಹಡಗಿಗೆ ಭಾರದ ಲಂಗರು ಹಾಕಿ, ಕಂಬದ ತುದಿಗೆ ದೀಪ ಕಟ್ಟಿ ನಿಲ್ಲಿಸುತ್ತಿದ್ದರು. ಮೊದಲನೆಯದು 1732ರಲ್ಲಿ ಇಂಗ್ಲೆಂಡಿನ ಥೇಮ್ಸ್ ನದಿಯ ಬಾಯಲ್ಲಿ, ನೋರ್ ಎಂಬ ಜಾಗದಲ್ಲಿ. ನಮ್ಮ ಕೇಂದ್ರ ಸರ್ಕಾರದ ಇಲಾಖೆಯ ಹೆಸರಿನಲ್ಲೂ ಈ ಮಾತಿದೆ: ದೀಪಸ್ತಂಭ ಮತ್ತು ದೀಪನೌಕೆಗಳ ಮಹಾನಿರ್ದೇಶನಾಲಯ.

ಬಿರುಗಾಳಿ ಬಂದರೆ ಬೇರೆ ಹಡಗು ಬಂದರಿಗೆ ಓಡುತ್ತದೆ, ದೀಪನೌಕೆ ಓಡುವಂತಿಲ್ಲ. ಮಂಜು ಕವಿದರೆ ಬೇರೆಯವರು ಅದರ ಸದ್ದು ಹಿಡಿದು ಬರುತ್ತಾರೆ. ಹಾಗೆ ಬಂದ ಒಲಿಂಪಿಕ್ ಎಂಬ ಭಾರೀ ಹಡಗು, ಅದು ಟೈಟಾನಿಕ್‌ನ ಅಕ್ಕ, 1934ರ ಮೇ 15ರಂದು ಅಮೆರಿಕದ ನಾಂಟಕೆಟ್ ದೀಪನೌಕೆಗೇ ಗುದ್ದಿತು. 11 ಜನರಲ್ಲಿ 7 ಜನ ತೀರಿಕೊಂಡರು. ಅದರ ಬದಲಿಗೆ 1936ರಲ್ಲಿ ಹೊಸ ದೀಪನೌಕೆ ಕಟ್ಟಿದರು, ನಂಬರು 112. ಅದು 1975ರವರೆಗೆ ದುಡಿಯಿತು. ಆಮೇಲೆ ಕಾಲ ಬದಲಾಯಿತು. ದೊಡ್ಡ ತೇಲುಬುರುಡೆಗಳು, ರೇಡಿಯೋ, ಉಪಗ್ರಹ ಬಂದವು. 1985ರಲ್ಲಿ ಅಮೆರಿಕದ ಕೊನೆಯ ದೀಪನೌಕೆಯೂ ಮನೆಗೆ ಹೋಯಿತು.

ನಂಬರು 112 ಕೈಯಿಂದ ಕೈಗೆ ಹೋಗಿ, ತುಕ್ಕು ಹಿಡಿದು, ಯಾರಿಗೂ ಬೇಡವಾಗಿ ಬಿದ್ದಿತ್ತು. ಕೊನೆಗೆ 2009ರಲ್ಲಿ ಒಂದು ಸಂಸ್ಥೆ ಅದನ್ನು ಕೊಂಡಿತು. ಕೊಟ್ಟ ಬೆಲೆ ಎಷ್ಟು ಗೊತ್ತೇ? ಒಂದೇ ಒಂದು ಡಾಲರ್! 2010ರಲ್ಲಿ ಬಾಸ್ಟನ್ ಬಂದರಿಗೆ ಎಳೆದು ತಂದು, ಚಂದಾ ಎತ್ತಿ, ತಳ ರಿಪೇರಿ ಮಾಡಿಸಿ, ಕೆಂಪು ಬಣ್ಣ ಬಳಿದು, ದೀಪ ಮತ್ತೆ ಹಚ್ಚಿದರು. ಕೊಳ್ಳುವುದು ಒಂದು ಡಾಲರ್, ಉಳಿಸುವುದು ಲಕ್ಷಾಂತರ. ಹಳೆ ಹಡಗಿನ ಲೆಕ್ಕವೆಲ್ಲ ಈ ಒಂದು ವಾಕ್ಯದಲ್ಲಿದೆ. ತಂದು ನಿಲ್ಲಿಸುವ ದಿನ ಮಂತ್ರಿ ಬರುತ್ತಾರೆ, ರಿಬ್ಬನ್ ಕತ್ತರಿಸುತ್ತಾರೆ. ಹತ್ತನೇ ವರ್ಷದ ಬಣ್ಣಕ್ಕೆ ಯಾರು ಬರುತ್ತಾರೆ?

ಉಪ್ಪು ತಿಂದ ಕಬ್ಬಿಣ

ಕಡಲತೀರದ ಉಕ್ಕಿಗೆ ವೈರಿ ಉಪ್ಪು. ಗಾಳಿಯಲ್ಲೇ ಉಪ್ಪಿನ ತೇವ ಇರುತ್ತದೆ. ಅದು ಬಣ್ಣದ ಬಿರುಕಿನಲ್ಲಿ ಕೂತರೆ ಒಳಗೊಳಗೇ ಉಕ್ಕನ್ನು ತಿನ್ನುತ್ತದೆ. ಮೇಲೆ ಬಣ್ಣ ಚಂದ, ಕೆಳಗೆ ಪುಡಿ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ನಮ್ಮ ಜಿಲ್ಲೆಗೆ ಬೀಳುವುದರ ನಾಲ್ಕೈದು ಪಟ್ಟು. ನೀರಿನಲ್ಲಿ ತೇಲುವ ಹಡಗನ್ನು ಕೆಲ ವರ್ಷಕ್ಕೊಮ್ಮೆ ಒಣಗೋದಿಗೆ ಎತ್ತಿ ತಳ ಕೆರೆಯುತ್ತಾರೆ. ಮರಳ ಮೇಲೆ ಕೂತ ಹಡಗಿನ ತಳಕ್ಕೆ ಆ ಭಾಗ್ಯ ಸುಲಭವಾಗಿ ಇಲ್ಲ. ಒಳಗಿನ ಮೂಲೆಗಳಲ್ಲಿ ನಿಂತ ನೀರು ಬಸಿಯಬೇಕು, ತುಕ್ಕು ಕೆರೆಯಬೇಕು, ಪ್ರೈಮರ್ ಬಳಿಯಬೇಕು, ಮೇಲೆ ಬಣ್ಣ ಹೊಡೆಯಬೇಕು. ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಮೊದಲಿನಿಂದ.

ನಮ್ಮ ರೈತರಿಗೆ ಇದು ಹೊಸದಲ್ಲ. ಪೊಟ್ಯಾಷ್ ಗೊಬ್ಬರದ ಚೀಲ ಹೇರಿ ತೊಳೆಯದೆ ಬಿಟ್ಟ ಟ್ರೇಲರಿನ ತಳ ಎರಡು ವರ್ಷಕ್ಕೇ ಜರಡಿಯಾಗುತ್ತದೆ. ಗದ್ದೆಯಲ್ಲಿ ಓಡಿಸಿದ ಕೇಜ್‌ವೀಲ್ ಕೆಸರು ತೊಳೆಯದೆ ನಿಲ್ಲಿಸಿದರೆ ಮುಂದಿನ ಹಂಗಾಮಿಗೆ ವೆಲ್ಡಿಂಗ್ ಅಂಗಡಿಗೇ ಹೋಗಬೇಕು.

ಇಷ್ಟೂ ಸಾಲದಿದ್ದರೆ 2024ರ ಆಗಸ್ಟ್ 10ರ ರಾತ್ರಿ ನೆನಪಿಸಿಕೊಳ್ಳಿ. ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕಿತ್ತುಹೋಯಿತು. ತುಂಬಿದ ಕೆರೆ ಕಣ್ಣೆದುರೇ ಖಾಲಿಯಾಗತೊಡಗಿತು. ನಾಟಿ ಮಾಡಿದ ಸಿಂಧನೂರಿನ ಗದ್ದೆಗಳಲ್ಲಿ ಜನ ನಿದ್ದೆ ಬಿಟ್ಟರು. ವಾರದೊಳಗೆ ತಾತ್ಕಾಲಿಕ ತಡೆ ಕೂಡಿಸಿದ್ದು ದೊಡ್ಡ ಸಾಹಸವೇ. ಆದರೆ 33 ಗೇಟಿನಲ್ಲಿ ಒಂದು ಹೋಗಿದ್ದಕ್ಕೆ ಅಷ್ಟು ಗಾಬರಿ. 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟೆ, 70 ವರ್ಷದ ಕಬ್ಬಿಣ. ಕಬ್ಬಿಣಕ್ಕೂ ವಯಸ್ಸಾಗುತ್ತದೆ ಎಂಬುದನ್ನು ಸಿಂಧನೂರಿನವರಿಗೆ ಇನ್ನು ಯಾರೂ ಹೇಳಿಕೊಡಬೇಕಿಲ್ಲ.

ಮಸ್ಕಿಯ ಕಲ್ಲಿಗೆ ಬಾಯಿ ಬಂದದ್ದು

ಕಬ್ಬಿಣಕ್ಕಿಂತ ಕಲ್ಲು ಗಟ್ಟಿ ಅನ್ನೋಣವೇ? ಮಸ್ಕಿಯ ದುರ್ಗದ ಗುಡ್ಡದ ಅಶೋಕನ ಶಾಸನ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು. ಬಣ್ಣ ಬಳಿಯಲಿಲ್ಲ, ಬಜೆಟ್ ಇಡಲಿಲ್ಲ, ಆದರೂ ಉಳಿಯಿತು. ಸರಿ. ಆದರೆ ಉಳಿದ ಕಲ್ಲು 1915ರವರೆಗೆ ಲೋಕಕ್ಕೆ ಏನು ಹೇಳಿತು? ಏನೂ ಇಲ್ಲ. ಆ ವರ್ಷ ಚಿನ್ನದ ಜಾಡು ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿತ್ತು. ವಿದ್ವಾಂಸ ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ಬೇರೆ ಶಾಸನಗಳಲ್ಲಿ ಬರೀ ‘ದೇವಾನಾಂಪ್ರಿಯ’ ಎಂದಿದ್ದ ರಾಜ ಯಾರು ಎಂಬ ಪ್ರಶ್ನೆಗೆ ಮಸ್ಕಿಯ ಕಲ್ಲು ‘ಅಸೋಕ’ ಎಂದು ಹೆಸರು ಹಿಡಿದು ಉತ್ತರ ಕೊಟ್ಟಿತು. ಆಮೇಲೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳದಲ್ಲೂ ಆ ಹೆಸರು ಸಿಕ್ಕಿತು.

ವಸ್ತು ಉಳಿದರೆ ಅರ್ಧ ಕೆಲಸ. ಅದರ ನಿಜ ಕಥೆ ಓದುವವರಿದ್ದರೆ ಇನ್ನರ್ಧ. ಮಸ್ಕಿಯಲ್ಲಿ ಕಲ್ಲಿತ್ತು, ಓದುವವರು ಇರಲಿಲ್ಲ. ಕಾರವಾರದಲ್ಲಿ ಹಡಗಿದೆ, ಓದುವವರು ತಪ್ಪು ಓದುತ್ತಾರೆ. ಚಪಲ್‌ನ ನಿಜ ಕಥೆಯೇನು ಸಣ್ಣದೇ? 1976ರಿಂದ 2005ರವರೆಗೆ, 28 ವರ್ಷಕ್ಕೂ ಹೆಚ್ಚು ಕಾಲ, ಕಾವಲು ಕಾಯಿತು. ಕ್ಷಿಪಣಿ ಹೊತ್ತು ಸಿದ್ಧವಾಗಿ ನಿಂತದ್ದೂ ಸೇವೆಯೇ. ಹೊಲದ ಕಾವಲುಗಾರ ಕಳ್ಳನನ್ನು ಹೊಡೆಯದಿದ್ದರೆ ಅವನ ರಾತ್ರಿಗಳು ವ್ಯರ್ಥವೇ?

ಮಾಡಬೇಕಾದದ್ದು ಇಷ್ಟು

ಕಾರವಾರದ ಹಡಗಿಗೆ ಬೇಕಾದದ್ದು ಎರಡು. ಒಂದು, ವರ್ಷ ವರ್ಷ ತಪ್ಪದ ಬಣ್ಣದ ದುಡ್ಡು, ಅಂದರೆ ಪಿಂಚಣಿ. ಇನ್ನೊಂದು, ದೊಡ್ಡ ಕನ್ನಡ ಅಕ್ಷರದಲ್ಲಿ ಹುಟ್ಟಿದ ದಿನ, ನಿವೃತ್ತಿಯ ದಿನ, 1971ರ ಅಣ್ಣಂದಿರ ಹೆಸರು ಬರೆದ ಫಲಕ. ಪ್ರವಾಸಕ್ಕೆ ಕರೆದೊಯ್ಯುವ ನಮ್ಮ ಮೇಷ್ಟ್ರುಗಳಿಗೂ ಕೆಲಸವಿದೆ. ಏಣಿ ಹತ್ತುವ ಮೊದಲು ಐದು ನಿಮಿಷ ಹುಡುಗರನ್ನು ನಿಲ್ಲಿಸಿ ಇಸವಿ ಹೇಳಿ.

ನಮ್ಮ ಊರಿನ ಕೆಲಸ ಇನ್ನೂ ದೊಡ್ಡದು. ಕಡಲಿಲ್ಲದಿದ್ದರೂ ನಿವೃತ್ತಿಯಾಗುವ ಕಬ್ಬಿಣ ನಮ್ಮಲ್ಲೂ ಉಂಟು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಅಜ್ಜಂದಿರ ಕಾಲದಿಂದ ಚಿನ್ನ ತೆಗೆದಿದ್ದಾರೆ. ಕೆಲಸ ಮುಗಿಸಿದ ಹಳೆ ಯಂತ್ರ, ಕಾರ್ಮಿಕರನ್ನು ಇಳಿಸಿ ಏರಿಸಿದ ಹಳೆ ಕೇಜು ಗುಜರಿ ತಕ್ಕಡಿ ಏರುವ ಮೊದಲು ಒಂದನ್ನಾದರೂ ಊರ ನಡುವೆ ನೆರಳು ಮಾಡಿ ನಿಲ್ಲಿಸಬಾರದೇ? 19ನೇ ಗೇಟು ಹೋದ ಮೇಲೆ ತುಂಗಭದ್ರೆಯ ಹಳೆ ಗೇಟುಗಳನ್ನೆಲ್ಲ ಬದಲಿಸಬೇಕು ಎಂಬ ಮಾತು ಬಂತು. ಬದಲಿಸಲಿ, ಬೇಗ ಬದಲಿಸಲಿ, ಅದು ಹೊಟ್ಟೆಯ ಪ್ರಶ್ನೆ. ಆದರೆ ಕೆಳಗಿಳಿದ ಗೇಟುಗಳಲ್ಲಿ ಒಂದನ್ನು ಸಿಂಧನೂರಿಗೆ ಕೊಡಲಿ. ಮೂರು ತಾಲ್ಲೂಕಿನ ಅನ್ನವನ್ನು ಏಳು ದಶಕ ತಡೆದು ಹಿಡಿದ ಕಬ್ಬಿಣ ಅದು. ಅದರ ಪಕ್ಕದಲ್ಲಿ ತುಂಡಾದ ಸರಪಳಿಯ ಕಥೆಯನ್ನೂ ಬರೆದು ನಿಲ್ಲಿಸಲಿ, ಇಸವಿ ಸಮೇತ, ಸುಳ್ಳು ಸೇರಿಸದೆ.

ಕಾಲುವೆಯ ನೀರು ಕುಡಿದ ಊರಿಗೆ ಅಷ್ಟು ಕೇಳುವ ಹಕ್ಕಿದೆ. ಕೇಳುವವರು ಮುಂದೆ ಬರಬೇಕು. ತಡ ಮಾಡಿದರೆ ಗುಜರಿಯವರ ಲಾರಿ ಬಂದಿರುತ್ತದೆ. ಅವರಿಗೆ ಕಬ್ಬಿಣ ಅಂದರೆ ಕಿಲೋ ಲೆಕ್ಕ.